ಹದಿನಾರರ ಹುಡುಗಿಗೆ ಗ್ರಂಥಾಲಯದಲ್ಲಿ ಯಾವ ಕುರ್ಚಿ?

"ಈಗಿನ ಮಕ್ಕಳು ಗ್ರಂಥಾಲಯಕ್ಕೇ ಬರಲ್ಲ" ಅಂತ ಒಂದು ದೂರು. "ಗ್ರಂಥಾಲಯದಲ್ಲಿ ಕೂರೋಕೆ ಜಾಗಾನೇ ಇಲ್ಲ" ಅಂತ ಇನ್ನೊಂದು. ಬೆಂಗಳೂರಿನಲ್ಲಿ ಎರಡೂ ನಿಜ. ಅದು ಹೇಗೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯ ಮೈಸೂರು ಸಂಸ್ಥಾನದ ಕಾಲದ್ದು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, ಆಮೇಲೆ ಬಡಾವಣೆಗಳಲ್ಲೂ ಶಾಖೆಗಳು ತೆರೆದವು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ, ರಸೀದಿ ತೆಗೆದು ನೋಡಿ. ಅದನ್ನು ವಸೂಲಿ ಮಾಡುವುದು ಪಾಲಿಕೆ, ಖರ್ಚು ಮಾಡಬೇಕಾದದ್ದು ಗ್ರಂಥಾಲಯ ಇಲಾಖೆ. ನಡುವೆ ಬಾಕಿ ಉಳಿಯುವ ತಕರಾರು ಹಳೆಯದು. ದುಡ್ಡು ತಡವಾದರೆ ಹೊಸ ಪುಸ್ತಕವೂ ತಡ.

ಆದರೆ ಹದಿಹರೆಯದವರ ಕಷ್ಟ ದುಡ್ಡಿನದು ಮಾತ್ರ ಅಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಬಡಾವಣೆಯ ಶಾಖೆಗೆ ನಾನು ದಿನಾ ಸಂಜೆ ಹೋಗುತ್ತಿದ್ದೆ. ಬಾಗಿಲ ಹತ್ತಿರ ಪೇಪರ್ ಟೇಬಲ್ಲು, ಸುತ್ತ ಪಿಂಚಣಿ ತಗೊಳ್ಳೋ ತಾತಂದಿರು. ಮೂಲೆಯಲ್ಲಿ ಮಕ್ಕಳ ಕಪಾಟು, ಗಿಡ್ಡ ಕುರ್ಚಿಗಳು. ಒಂಬತ್ತನೇ ಕ್ಲಾಸಿಗೆ ಬಂದಾಗ ಆ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂರೋಕಾಗದೆ, ದೊಡ್ಡವರ ಕಡೆ ಹೋದರೆ "ಏನಪ್ಪಾ, ಇಲ್ಲೇನು ಕೆಲಸ" ಅನ್ನಿಸಿಕೊಂಡು, ಕೊನೆಗೆ ಕಪಾಟಿನ ಸಂದಿಯಲ್ಲಿ ನಿಂತುಕೊಂಡೇ ಕಾದಂಬರಿಗಳನ್ನು ಓದಿ ಮುಗಿಸಿದೆ. ನನಗೆ ಬೇಕಿದ್ದದ್ದು ಒಂದು ಕುರ್ಚಿ, ಮತ್ತೆ "ಇದನ್ನ ಓದಿ ನೋಡು" ಅನ್ನುವ ಒಬ್ಬರು, ಅಷ್ಟೇ.

ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆಗಳ ಕಾಲ ಬಂತು. ವಿಜಯನಗರದ ಸುತ್ತ ಕೋಚಿಂಗ್ ಸೆಂಟರುಗಳು ಬೆಳೆದವು, ಊರೂರಿಂದ ಬಂದು ಪಿಜಿಗಳಲ್ಲಿ ಉಳಿದವರಿಗೆ ಗ್ರಂಥಾಲಯವೇ ಓದುವ ಕೋಣೆಯಾಯಿತು. ಬಾಗಿಲು ತೆರೆಯುವ ಮೊದಲೇ ಸಾಲು. ಅವರ ಅಗತ್ಯವೂ ದೊಡ್ಡದೇ, ತಪ್ಪು ಅನ್ನೋಕಾಗಲ್ಲ. ಆದರೆ ಕಾಲೇಜು ಮುಗಿಸಿ ನಾಲ್ಕು ಗಂಟೆಗೆ ಬರುವ ಪಿಯುಸಿ ಹುಡುಗಿಗೆ ಅಷ್ಟೊತ್ತಿಗೆ ಸೀಟು ಎಲ್ಲಿರುತ್ತದೆ? ಕೈಲಾದವರು ತಿಂಗಳಿಗಿಷ್ಟು ಅಂತ ಕೊಟ್ಟು ಖಾಸಗಿ ಸ್ಟಡಿ ಸೆಂಟರಿಗೆ ಹೋಗುತ್ತಾರೆ, ಆಗದವರು ಮನೆಯಲ್ಲೇ ಟಿವಿ ಸದ್ದಿನ ನಡುವೆ ಓದುತ್ತಾರೆ.

2020ರಲ್ಲಿ ಡಿಜಿಟಲ್ ಗ್ರಂಥಾಲಯ ಬಂತು. ಪುಸ್ತಕ ಮೊಬೈಲಿಗೇ ಬಂತು, ನಿಜ. ಆದರೆ ಸದ್ದಿಲ್ಲದ ಕೋಣೆ, ತಿರುಗೋ ಫ್ಯಾನು, ಪಕ್ಕದಲ್ಲಿ ಓದೋ ಗೆಳತಿ ಮೊಬೈಲಿನಲ್ಲಿ ಸಿಗಲ್ಲ ಅಲ್ವಾ?

ಈಗ ಈ ಹದಿಹರೆಯದವರು ಬಂದರೂ ಬ್ಯಾಗಿನಲ್ಲಿ ನೀಟ್, ಸಿಇಟಿ ಗೈಡು ಇರುತ್ತದೆ. ಕಪಾಟಿನ ಕಡೆ ಯಾರೂ ಕರೆದೊಯ್ಯುವುದಿಲ್ಲ. ಅವರ ವಯಸ್ಸಿಗೆ ಅಂತ ಜೋಡಿಸಿಟ್ಟ ಒಂದು ಸಾಲನ್ನು ನಾನು ಹೋದ ಯಾವ ಶಾಖೆಯಲ್ಲೂ ಕಂಡಿಲ್ಲ. ಹಾಗಾಗಿ ಪರೀಕ್ಷೆ ಮುಗಿದು ರಜೆ ಸಿಕ್ಕಾಗ, ಸುಮ್ನೆ ಏನಾದರೂ ಓದೋಕೆ ಸಮಯ ಇರುವ ಆ ಎರಡು ತಿಂಗಳಲ್ಲೇ, ಅವರು ಬರುವುದು ನಿಲ್ಲಿಸುತ್ತಾರೆ.