‘ಟೇಕ್’ ಅಂದ್ರೆ ಟರ್ಕಿಶ್‌ನಲ್ಲಿ ಏನು? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಇಂಗ್ಲಿಷಿನ ಟೇಕ್ (take) ಅಂದರೆ ಟರ್ಕಿಶ್‌ನಲ್ಲಿ ‘ಅಲ್ಮಾಕ್’ ಅಂತ ಡಿಕ್ಷನರಿಯಲ್ಲೇ ಇದೆ. ಆದರೂ ಟರ್ಕಿಯವರು ಇಂಗ್ಲಿಷ್‌ನಲ್ಲಿ ‘ಪರೀಕ್ಷೆಯೊಳಗೆ ಹೋದೆ’, ‘ಮಾತ್ರೆ ಕುಡಿದೆ’ ಅಂತೆಲ್ಲ ಹೇಳ್ತಾರೆ. ಇಷ್ಟು ಸುಲಭದ ಪದ ಯಾಕೆ ಬರಲ್ಲ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಬಿಟ್ಟಿದ್ದೇನೆ. ಇರಲಿ, ಇನ್ನೊಂದು ಸಲ.

ಟರ್ಕಿಶ್‌ನಲ್ಲಿ ಪರೀಕ್ಷೆಗೆ ಒಳಹೋಗುತ್ತಾರೆ, ಅದು ಗಿರ್ಮೆಕ್. ಮಾತ್ರೆ ಆದರೂ ಸರಿ, ಸಿಗರೇಟು ಆದರೂ ಸರಿ, ಕುಡಿಯೋದೇ, ಇಚ್ಮೆಕ್. ಟ್ಯಾಕ್ಸಿ ಹತ್ತುತ್ತಾರೆ, ಫೋಟೋ ಎಳೆಯುತ್ತಾರೆ, ಯಾರನ್ನಾದರೂ ಮನೆಗೆ ಕರೆದುಕೊಂಡು ಹೋಗೋದಕ್ಕೆ ಬೇರೆಯೇ ಪದ. ಸಿಗರೇಟು ಒಂದು ಬಿಟ್ಟರೆ ಇಷ್ಟೂ ಕಡೆ ಇಂಗ್ಲಿಷಿನವನಿಗೆ ಒಂದೇ ಟೇಕ್ ಸಾಕು. ನಗಬೇಡಿ, ನಾವೂ ಪರೀಕ್ಷೆ ‘ಬರೆಯುತ್ತೇವೆ’.

ಈಗ ನನ್ನ ತಲೆ ತಿನ್ನುವ ವಿಷಯ. ಪ್ರತಿ ಪದಕ್ಕೂ ಒಂದು ‘ನಿಜವಾದ’ ಅರ್ಥ ಇದೆ, ಮಿಕ್ಕಿದ್ದೆಲ್ಲ ಬಾಲ ಅನ್ನೋ ನಂಬಿಕೆ. ಎಷ್ಟು ಹೇಳಿದರೂ ಹೋಗಲ್ಲ. ಹಾಗಾದರೆ ಅಲ್ಮಾಕ್‌ನ ನಿಜವಾದ ಅರ್ಥ ಯಾವುದು, ನೀವೇ ಹೇಳಿ. ಅಂಗಡಿಯಲ್ಲಿ ಬ್ರೆಡ್ಡಿಗೆ ಬಳಸಿದರೆ ಕೊಂಡರು ಅಂತ, ಉಸಿರಿಗೆ ಬಳಸಿದರೆ ಉಸಿರಾಡಿದರು ಅಂತ, ಕಿಲೋ ಜೊತೆ ಬಂದರೆ ದಪ್ಪ ಆದರು ಅಂತ. ಅದಕ್ಕೇ ‘ಬಜಾರಿನಲ್ಲಿ ಶರ್ಟ್ ಟೇಕ್ ಮಾಡಿದೆ’ ಅಂತ ಟರ್ಕಿಯ ಹುಡುಗ ಹೇಳಿದರೆ ಇಂಗ್ಲಿಷಿನವನಿಗೆ ಕದ್ದ ಹಾಗೆ ಕೇಳಿಸುತ್ತೆ, ನಮಗೆ ಏನೂ ಅನ್ನಿಸಲ್ಲ, ಯಾಕಂದ್ರೆ ‘ಈ ಸೀರೆ ಎಲ್ಲಿ ತಗೊಂಡ್ರಿ’ ಅಂತ ನಾವೂ ದಿನಾ ಕೇಳೋರೇ ಅಲ್ವಾ? ಮೂಲ ಹುಡುಕಿದರೆ ನಿಜವಾದ ಅರ್ಥ ಸಿಗುತ್ತೆ ಅಂತ ವಾದ ಮಾಡೋರೂ ಇದ್ದಾರೆ. ಹುಡುಕಿ ನೋಡಿ. ಟೇಕ್ ಇಂಗ್ಲಿಷಿನ ಮನೆಮಗಳೇ ಅಲ್ಲ. ವೈಕಿಂಗರ ನಾರ್ಸ್ ಭಾಷೆಯ ‘ತಾಕಾ’ ಅದು. ಹಳೇ ಇಂಗ್ಲಿಷಿನಲ್ಲಿ ಇದ್ದ ‘ನಿಮನ್’ ಅನ್ನು ಹೊರಗೆ ಹಾಕಿ ತಾನೇ ಕೂತಿತು. ನಿಮನ್‌ನ ನೆಂಟ ‘ನೇಮೆನ್’ ಜರ್ಮನ್‌ನಲ್ಲಿ ಇನ್ನೂ ಆರಾಮಾಗಿದೆ. ಇದೆಲ್ಲ ತಿಳಿದ ಮೇಲೂ ಮಾತ್ರೆ ಕುಡಿಯಬೇಕೋ ತಗೋಬೇಕೋ ಗೊತ್ತಾಗಲ್ಲ! ಪದದ ಜೊತೆ ಯಾರು ಕೂತಿದ್ದಾರೆ ಅಂತ ನೋಡಿ. ಜೋಡಿಯಾಗಿ ಕಲಿಯಿರಿ, ಒಂಟಿಯಾಗಿ ಬೇಡ.

ಅಂದ ಹಾಗೆ ‘ಡುಶ್ ಅಲ್ಮಾಕ್’, ಅಂದರೆ ಸ್ನಾನವನ್ನು ‘ತಗೊಳ್ಳೋದು’, ಈಗ ಅಲ್ಲಿ ಧಾರಾಳ. ಇದು ಪರಭಾಷೆಯ ನಕಲು ಅಂತ ಗೊಣಗುವ ಹಿರಿಯರೂ ಇದ್ದಾರೆ.

ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ. ಟೇಕ್‌ಗಿಂತ ಮಜಾ ಇರೋದು ಟರ್ಕಿಶ್‌ನ ‘ಚೆಕ್ಮೆಕ್’ನಲ್ಲಿ. ಡಿಕ್ಷನರಿಯಲ್ಲಿ ನೋಡಿದರೆ ‘ಎಳೆಯೋದು’ ಅಷ್ಟೇ. ಫೋಟೋ ಅದರಲ್ಲೇ, ಬ್ಯಾಂಕಿನಿಂದ ದುಡ್ಡು ತೆಗೆಯೋದೂ ಅದರಲ್ಲೇ, ನೋವು ಅನುಭವಿಸೋದೂ ಅದೇ. ಒಗೆದ ಸ್ವೆಟರ್ ‘ಎಳೆಯಿತು’ ಅಂದರೆ ಕುಗ್ಗಿಹೋಯಿತು. ‘ನನ್ನ ಜೀವ ಎಳೀತು’ ಅಂದರೆ ಏನೋ ತಿನ್ನೋ ಆಸೆ ಆಯಿತು. ‘ಫೋನ್ ಎಳೀತಿಲ್ಲ’ ಅಂದರೆ ಗಾಬರಿ ಬೇಡ, ನೆಟ್‌ವರ್ಕ್ ಇಲ್ಲ ಅಷ್ಟೇ.