ದಿನವೂ ಕೂಗುವ ಮಂಗಟ್ಟೆಗೆ ಅಪಾಯ ಬಂದದ್ದು ಹೇಗೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಬೂದು ಮಂಗಟ್ಟೆಯ (ಮಲಬಾರ್ ಗ್ರೇ ಹಾರ್ನ್‌ಬಿಲ್) ಪರಿಚಯ ಮಾಡಿಕೊಡಬೇಕಿಲ್ಲ. ಬಸರಿ ಮರ ಹಣ್ಣು ಬಿಟ್ಟರೆ ಸಾಕು, ಬೆಳಿಗ್ಗೆಯೇ ಬಂದು ಯಾರೋ ಗೇಲಿ ಮಾಡಿ ನಕ್ಕ ಹಾಗೆ ಕಿರುಚುತ್ತವೆ. ಇಂಥ ಹಕ್ಕಿ ಅಪಾಯದಲ್ಲಿದೆ ಅಂದರೆ ಯಾರು ನಂಬುತ್ತಾರೆ? ಆದರೂ 2020ರಲ್ಲಿ, ಯಾವ ಜೀವಿಗೆ ಎಷ್ಟು ಅಪಾಯ ಎಂದು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ತನ್ನ ಕೆಂಪು ಪಟ್ಟಿಯಲ್ಲಿ ಇದನ್ನು 'ಸದ್ಯ ಚಿಂತೆಯಿಲ್ಲ' ಎಂಬ ಗುಂಪಿನಿಂದ ತೆಗೆದು ಅಪಾಯದಂಚಿನ ಹಕ್ಕಿಗಳ ಜೊತೆ ಇಟ್ಟಿತು. ದೊಡ್ಡ ಮಂಗಟ್ಟೆ ಎರಡು ವರ್ಷ ಮೊದಲೇ ಅಲ್ಲಿಗೆ ಹೋಗಿತ್ತು.

ಈ ಪಟ್ಟಿ ಒಟ್ಟು ಎಷ್ಟು ಹಕ್ಕಿ ಉಳಿದಿವೆ ಅನ್ನುವುದನ್ನಷ್ಟೇ ನೋಡುವುದಿಲ್ಲ. ಎಷ್ಟು ಬೇಗ ಕಡಿಮೆಯಾಗುತ್ತಿವೆ ಅನ್ನುವುದನ್ನೂ ನೋಡುತ್ತದೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಜಾಸ್ತಿಯೋ ಅಷ್ಟರಲ್ಲಿ ಶೇ. 30ರಷ್ಟು ಇಳಿದರೆ ಈ ಗುಂಪಿಗೆ ಬರುತ್ತದೆ. ಅದೇ 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯೂ ಬಂತು. ಊರೂರಿನ ಹಕ್ಕಿಪ್ರಿಯರು ಬರೆದಿಟ್ಟ ಒಂದು ಕೋಟಿಗೂ ಹೆಚ್ಚು ದಾಖಲೆ ಸೇರಿಸಿ ಮಾಡಿದ್ದು. 2000ದಿಂದ ಈಚೆಗೆ ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಹಕ್ಕಿಗಳು ತುಂಬಾ ಇಳಿದಿವೆ ಅಂತ ಅದು ಹೇಳಿತು. ನಮ್ಮ ಬೂದು ಮಂಗಟ್ಟೆ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಬಯಲುಸೀಮೆಯಲ್ಲಿ ಕಾಣುವುದು ಬೇರೆ ಜಾತಿ. ಅದರ ಕೊಕ್ಕಿನ ಮೇಲೆ ಸಣ್ಣ ಕೊಂಬಿದೆ, ಇದಕ್ಕಿಲ್ಲ.

ಇದರ ಕಷ್ಟವೆಲ್ಲ ಗೂಡಿನದು. ಮರಕುಟಿಗನ ಹಾಗೆ ಮರ ಕೊರೆಯಲು ಇದಕ್ಕೆ ಬರುವುದಿಲ್ಲ. ಕೊಂಬೆ ಮುರಿದು, ಒಳಗೆ ಕೊಳೆತು ತಾನಾಗಿ ಆದ ಪೊಟರೆಯೇ ಬೇಕು. ಚಳಿ ಕಳೆಯುವ ಹೊತ್ತಿಗೆ ಹೆಣ್ಣು ಒಳಗೆ ಹೋಗಿ ಪೊಟರೆಯ ಬಾಯಿಯನ್ನು ಹಿಕ್ಕೆ ಮೆತ್ತಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು. ಸುಮಾರು ಮೂರು ತಿಂಗಳು, ಮಳೆಗಾಲ ಹತ್ತಿರವಾಗುವವರೆಗೆ, ಗಂಡು ಒಂದೊಂದೇ ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ಆ ಹೊತ್ತಿನಲ್ಲಿ ಗಂಡು ಸತ್ತರೆ ಒಳಗಿನ ಸಂಸಾರಕ್ಕೂ ಸಂಚಕಾರ.

ಅಂಥ ಪೊಟರೆಗೆ ಹಳೇ ಮರವೇ ಆಗಬೇಕು. ಮಲೆನಾಡಿನಲ್ಲಿ ಮೊದಲು ಹೋದದ್ದೂ ಅವೇ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಊರು, ಗದ್ದೆ, ಕಾಡು ಎಲ್ಲ ಸೇರಿ ಸುಮಾರು 300 ಚದರ ಕಿ.ಮೀ. ಮುಳುಗಿತು. ಧೂಪದಂಥ ದಪ್ಪ ಮರಗಳು ಪ್ಲೈವುಡ್‌ಗೆ ಹೋದವು. 1980ರಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆ ಎಂಪಿಎಂಗೆ (ಮೈಸೂರು ಪೇಪರ್ ಮಿಲ್ಸ್) ನೆಡುತೋಪಿಗಾಗಿ ಅರಣ್ಯ ಭೂಮಿ 40 ವರ್ಷದ ಗುತ್ತಿಗೆಗೆ ಸಿಕ್ಕಿತು, ಅಕೇಶಿಯಾ ಬಂತು. ದೂರದಿಂದ ನೋಡಿದರೆ ಹಸಿರೇ. ಆದರೆ ಮಂಗಟ್ಟೆಗೆ ಅದರಲ್ಲಿ ತಿನ್ನುವ ಹಣ್ಣಿಲ್ಲ. ಪೊಟರೆ ಬೀಳುವಷ್ಟು ವಯಸ್ಸಾಗುವ ಮೊದಲೇ ಕಟಾವು. ಕಾರ್ಖಾನೆ ನಿಂತ ಮೇಲೂ 2020ರಲ್ಲಿ ಗುತ್ತಿಗೆ ಮುಂದುವರಿಸಿದಾಗ ಶಿವಮೊಗ್ಗದಲ್ಲಿ ಜನ ಬೀದಿಗಿಳಿದರು. ಸುಮ್ನೆ ಗಲಾಟೆ ಅಂತ ತಳ್ಳಿಹಾಕಿದವರೂ ಇದ್ದರು. ನನಗೆ ಹಾಗನ್ನಿಸಲಿಲ್ಲ.

ಕಾಯ್ದಿಟ್ಟದ್ದೂ ಇದೆ. 1972ರ ಶರಾವತಿ ಅಭಯಾರಣ್ಯವನ್ನು 2019ರಲ್ಲಿ ಸಿಂಗಳೀಕದ ಹೆಸರಲ್ಲಿ ಎರಡು ಪಟ್ಟಿಗೂ ಹೆಚ್ಚು ಹಿಗ್ಗಿಸಿದರು. ಆದರೆ ಮಂಗಟ್ಟೆಗೆ ಅಭಯಾರಣ್ಯದ ಗಡಿ ಗೊತ್ತಿಲ್ಲ, ಅಲ್ವಾ? ಅದು ಕಾಫಿ ತೋಟ, ಅಡಿಕೆ ತೋಟದ ಪಕ್ಕದ ಸೊಪ್ಪಿನಬೆಟ್ಟಕ್ಕೂ (ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡು) ಬರುತ್ತದೆ, ಹಳೇ ಕಾಡುಮರ ಇದ್ದರೆ. ಸೊಪ್ಪು ಕಡಿದು ಕಡಿದು ಬೋಳಾದ ಬೆಟ್ಟದಲ್ಲಿ ಅದಕ್ಕೆ ಕೆಲಸವಿಲ್ಲ.

ಈಗ ಅದೇ ಅಭಯಾರಣ್ಯದಲ್ಲಿ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ (ಕೆಳಗಿನ ನೀರನ್ನು ಮೇಲಕ್ಕೆ ಹತ್ತಿಸಿ, ಬೇಕಾದಾಗ ಇಳಿಸಿ ವಿದ್ಯುತ್ ಮಾಡುವುದು) ಪ್ರಸ್ತಾಪ ಬಂದಿದೆ. ಎಷ್ಟು ಮರ ಹೋಗುತ್ತವೆ ಅನ್ನುವುದೇ ಎಲ್ಲರ ಜಗಳ. ಅವುಗಳಲ್ಲಿ ಪೊಟರೆ ಇರುವ ಮರ ಎಷ್ಟು ಅಂತಲೂ ಕೇಳಬೇಕು. ಒಂದಕ್ಕೆ ಹತ್ತು ಸಸಿ ನೆಟ್ಟರೂ, ಅವುಗಳಲ್ಲಿ ಮಂಗಟ್ಟೆ ಹಿಡಿಸುವಷ್ಟು ಪೊಟರೆ ಆಗುವುದು ನೆಟ್ಟವರ ಮೊಮ್ಮಕ್ಕಳ ಕಾಲಕ್ಕೆ.