ಕಣ್ಣು ಬಂದವರನ್ನು ನೋಡಿದರೆ ನಮಗೂ ಬರುತ್ತದೆಯೇ?

"ಸರ್, ಕಣ್ಣ ಬಂದವರನ್ನ ನೋಡಿದ್ರ ನಮಗೂ ಬರ್ತಾವಂತ, ಖರೇನ್ರಿ?"

ಮಳೆಗಾಲ ಶುರುವಾದರೆ ಸಾಕು, ಮುಧೋಳದಲ್ಲಿ ನಾನು ಕಲಿಸುವ ಮಕ್ಕಳಿಂದ ಹಿಡಿದು ಅವರ ಅಜ್ಜಂದಿರವರೆಗೆ ಎಲ್ಲರದ್ದೂ ಇದೇ ಪ್ರಶ್ನೆ. 2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಕಣ್ಣುಬೇನೆ, ಅಂದರೆ ಮದ್ರಾಸ್ ಐ, ಹರಡಿತ್ತಲ್ಲ, ಆಗ ಎಷ್ಟು ಸಲ ಉತ್ತರ ಹೇಳಿದೆನೋ ಲೆಕ್ಕವಿಲ್ಲ. ಈ ಸಲ ಬರೆದೇ ಇಡುತ್ತೇನೆ.

ಇಲ್ಲ. ನೋಡಿದರೆ ಬರುವುದಿಲ್ಲ.

ನೋಡುವುದು ಎಂದರೆ ಏನು? ಎದುರಿನವರ ಮೇಲೆ ಬಿದ್ದ ಬೆಳಕು ನಮ್ಮ ಕಣ್ಣಿಗೆ ಬಂದು ಸೇರುವುದು. ಬೆಳಕಿನ ಬೆನ್ನೇರಿ ವೈರಸ್ ಬರುವುದಿಲ್ಲ. ಕಣ್ಣೇ ಕಾಣದವರಿಗೂ ಕಣ್ಣುಬೇನೆ ಬರುತ್ತದೆ. ಅವರು ಯಾರನ್ನು ನೋಡಿದ್ದರು ಹೇಳಿ? ಇಷ್ಟು ಹೇಳಿದರೂ "ಅನುಭವದ ಮಾತ್ರಿ ಸರ್, ತಂಗಿ ಕಣ್ಣ ನೋಡಿದೆ, ನನಗೂ ಬಂತು" ಎನ್ನುತ್ತಾರೆ. ಅನುಭವ ಸುಳ್ಳಲ್ಲ. ಲೆಕ್ಕ ತಪ್ಪಿದೆ. ತಂಗಿಯ ಕಣ್ಣು ನೋಡಿದ್ದು ಖರೆ. ಅದೇ ಮನೆಯಲ್ಲಿ ಅವಳ ಟವೆಲ್‌ನಿಂದ ಮುಖ ಒರೆಸಿಕೊಂಡಿದ್ದೂ ಖರೆ, ಅವಳ ಮೊಬೈಲ್ ಹಿಡಿದಿದ್ದೂ ಖರೆ. ಸೋಂಕು ತಗುಲಿದ ಮೇಲೆ ಕಣ್ಣು ಕೆಂಪಾಗಲು ಸಾಮಾನ್ಯವಾಗಿ 5ರಿಂದ 12 ದಿನ ಬೇಕು. ಅಷ್ಟರಲ್ಲಿ ಟವೆಲ್ ಮರೆತುಹೋಗಿರುತ್ತದೆ. ಕೆಂಪು ಕಣ್ಣು ಮಾತ್ರ ನೆನಪಿನಲ್ಲಿ ಉಳಿದಿರುತ್ತದೆ.

ಬಾಯಿಮಾತು ಸಾಲದು ಎನಿಸಿ ಒಮ್ಮೆ ಒಂಬತ್ತನೇ ಕ್ಲಾಸಿನ ಹುಡುಗನ ಅಂಗೈಗೆ ಅರಿಷಿಣ ಪುಡಿ ಸವರಿದೆ. ಎಂದಿನ ಹಾಗೇ ಇರು ಎಂದೆ. ಬಿಸಿಯೂಟದ ಗಂಟೆ ಹೊಡೆಯುವಷ್ಟರಲ್ಲಿ ಬಾಗಿಲ ಚಿಲಕ ಹಳದಿ, ನಳ ಹಳದಿ, ಡಸ್ಟರ್ ಹಳದಿ. ಮೂರನೇ ಬೆಂಚಿನ ಹುಡುಗಿಯೊಬ್ಬಳ ರೆಪ್ಪೆಯ ಮೇಲೂ ಹಳದಿ! ಅವಳು ಅವನನ್ನು ಮುಟ್ಟಿರಲಿಲ್ಲ. ಡಸ್ಟರ್ ಮುಟ್ಟಿದ್ದಳು, ಆಮೇಲೆ ಕಣ್ಣು ಉಜ್ಜಿಕೊಂಡಿದ್ದಳು. ಆ ಕ್ಲಾಸಿನ ಮಕ್ಕಳು ಈಗಲೂ ಸಿಕ್ಕಾಗ ಆ ಅರಿಷಿಣದ ಮಾತು ತೆಗೆಯುತ್ತಾರೆ. ಮಾಸ್ತರನಿಗೆ ಇದಕ್ಕಿಂತ ಖುಷಿ ಇನ್ನೇನು ಬೇಕು?

ಮಳೆಗಾಲದ ಕಣ್ಣುಬೇನೆಗೆ ಬಹುಪಾಲು ಕಾರಣ ಅಡಿನೋವೈರಸ್. ಕಣ್ಣೀರು, ಗೀಜಿನಲ್ಲಿ ಅದು ತುಂಬಿರುತ್ತದೆ. ಅಲ್ಲಿಂದ ಕೈಗೆ, ಕೈಯಿಂದ ಬಸ್ಸಿನ ಕಂಬಿಗೆ, ಕಂಬಿಯಿಂದ ಇನ್ನೊಬ್ಬರ ಕೈಗೆ, ಅವರ ಕಣ್ಣಿಗೆ. ಪ್ಲಾಸ್ಟಿಕ್, ಕಬ್ಬಿಣದ ಮೇಲೆ ವಾರಗಟ್ಟಲೆ ಜೀವ ಹಿಡಿದಿರಬಲ್ಲದು. ಕೊರೊನಾ ವೈರಸ್ಸಿಗೆ ಇದ್ದಂಥ ಕೊಬ್ಬಿನ ಹೊದಿಕೆ ಇದಕ್ಕಿಲ್ಲ. ಹಾಗಾಗಿ ಸ್ಯಾನಿಟೈಸರ್‌ಗೆ ಇದು ಸುಲಭವಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ, ಚೆನ್ನಾಗಿ ತಿಕ್ಕಿ, ನೀರಿನಲ್ಲಿ ತೊಳೆದುಬಿಡಬೇಕು.

ಹಾಗಾದರೆ ಕಪ್ಪು ಕನ್ನಡಕ? ಬೆಳಕು ಚುಚ್ಚುವುದು ಕಡಿಮೆಯಾಗುತ್ತದೆ, ಹಾಕಿಕೊಳ್ಳಲಿ. ಆದರೆ ಊರನ್ನು ಕಾಯುವ ಶಕ್ತಿ ಅದಕ್ಕಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಕನ್ನಡಕ ಹಾಕಿಸಿದೆವು, ಇನ್ನೇನು ಭಯ ಅಂತ ಮಗುವನ್ನು ಶಾಲೆಗೆ ಕಳಿಸುತ್ತಾರೆ. ಆ ಮಗು ಕನ್ನಡಕ ಎತ್ತಿ ಕಣ್ಣು ಒರೆಸಿಕೊಂಡು, ಅದೇ ಕೈಯಿಂದ ಗೆಳೆಯನ ಪೆನ್ನು ಹಿಡಿಯುತ್ತದೆ. ನೋಟಕ್ಕೆ ಹೆದರಿದವರು ಕೈಯನ್ನು ಬಿಟ್ಟುಬಿಟ್ಟರು, ಅಲ್ವಾ? ಕಣ್ಣಲ್ಲಿ ನೀರು, ಗೀಜು ನಿಲ್ಲುವವರೆಗೆ ಮಗು ಮನೆಯಲ್ಲಿರಲಿ. ಟವೆಲ್, ದಿಂಬು, ಕಾಡಿಗೆ ಬೇರೆ ಇರಲಿ. ಔಷಧದ ಡ್ರಾಪ್ಸ್ ಬಾಟಲಿಯೂ ಒಬ್ಬರದು ಒಬ್ಬರಿಗೆ ಬೇಡ.

ಇನ್ನೊಂದು ಮಾತು. ಇದನ್ನು ಯಾರೂ ಕೇಳಿಲ್ಲ, ಆದರೆ ನಮ್ಮ ಕಡೆಯವರಿಗೆ ಹೇಳಲೇಬೇಕು. ಕಣ್ಣು ಕೆಂಪಾದದ್ದೆಲ್ಲ ಕಣ್ಣುಬೇನೆ ಅಲ್ಲ. ಕಬ್ಬು ಕಡಿಯುವಾಗ ರವದಿ, ಅಂದರೆ ಕಬ್ಬಿನ ಒಣಗಿದ ಗರಿ, ಕಣ್ಣಿಗೆ ಬಡಿಯುತ್ತದೆ. ಕರಿಗುಡ್ಡೆಯ ಮೇಲೆ ಸಣ್ಣ ಗೀರು ಬೀಳುತ್ತದೆ. ಅದರಲ್ಲಿ ಬೂಷ್ಟು, ಅಂದರೆ ಫಂಗಸ್, ಸೇರಿಕೊಳ್ಳಬಹುದು. ಇದು ಯಾರಿಂದಲೂ ಅಂಟಿದ್ದಲ್ಲ, ಯಾರಿಗೂ ಅಂಟುವುದೂ ಇಲ್ಲ. ಪೆಟ್ಟು ಬಿದ್ದ ಒಂದೇ ಕಣ್ಣಿನಲ್ಲಿ ನೋವು, ನೋಟ ಮಂಜು, ಕೆಲವು ದಿನಗಳಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಕಣ್ಣುಬೇನೆ ಇರಬೇಕು, ತಾನೇ ಹೋಗುತ್ತದೆ ಅಂತ ಸುಮ್ನೆ ಕೂತರೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಮೆಡಿಕಲ್ ಅಂಗಡಿಯಿಂದ ಕೇಳಿ ತಂದ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇದ್ದರಂತೂ ಕೆಂಪು ಇಳಿದಂತೆ ಕಂಡರೂ ಒಳಗೆ ಫಂಗಸ್ ಜಾಸ್ತಿ ಬೆಳೆಯುತ್ತದೆ. ರವದಿ ಬಡಿದ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕೆಂಪಾಗಿದೆ ಎಂದಷ್ಟೇ ಹೇಳಬೇಡಿ, ಕಬ್ಬಿನ ರವದಿ ಬಡಿದಿದೆ ಎಂದು ಮೊದಲೇ ಹೇಳಿ. ಆಗ ಅವರು ಫಂಗಸ್ ಇದೆಯೇ ಎಂದೂ ನೋಡುತ್ತಾರೆ.